ಅಕ್ಕೋರ ಕೀಲಿಕೈ

ಹೋದ ತಿಂಗಳು ಹಾನಗಲ್ಲಿನಲ್ಲಿ ಅಕ್ಕೋರ ನಿವೃತ್ತಿಯ ಸಮಾರಂಭ ನಡೆಯಿತು. ಹದಿನೆಂಟು ವರ್ಷ ಪಕ್ಕದ ಕೋಣೆಯಲ್ಲಿದ್ದವನು ಎಂದು ನನ್ನನ್ನೂ ವೇದಿಕೆಗೆ ಹತ್ತಿಸಿ, ‘ಐದು ನಿಮಿಷ ಮಾತಾಡ್ರಿ’ ಎಂದರು. ಉಳಿದ ದಿನ ನನ್ನ ಬಾಯಿ ಮುಚ್ಚಿಸುವುದು ನನ್ನ ಹೆಂಡತಿಗೂ ಆಗದ ಕೆಲಸ. ಅವತ್ತು ಮಾತ್ರ ಹೇಳಬೇಕಾದದ್ದೆಲ್ಲ ಒಮ್ಮೆಲೇ ಬಾಯಿಗೆ ಬಂದು ಒಂದಕ್ಕೊಂದು ತೊಡಕಿಕೊಂಡಿತು. ‘ಅಕ್ಕೋರು ಭಾಳ ಒಳ್ಳೆಯವರು’ ಎಂದಷ್ಟೇ ಹೇಳಿ ಕೆಳಗಿಳಿದೆ. ಮೊದಲ ಸಾಲಿನಲ್ಲಿ ಹಾರ ಹಾಕಿಕೊಂಡು ಕುಳಿತಿದ್ದ ಅಕ್ಕೋರು ನನ್ನನ್ನು ತಡೆದು, “ಇಷ್ಟs ಏನ್ರಿ? ನಾ ಸತ್ತ ಮ್ಯಾಲೂ ಇಷ್ಟs ಹೇಳ್ತೀರೇನು?” ಎಂದು ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಆ ಮಾತು ನಟ್ಟಿತು. ಅದಕ್ಕೇ ಈಗ ಬರೆಯಲು ಕುಳಿತಿದ್ದೇನೆ.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎನ್ನುತ್ತೇವೆ. ಇವರು ಶಾಲೆಯವರಲ್ಲ, ಹೊಲಿಗೆಯವರು. ಒಂದು ತರಬೇತಿ ಸಂಸ್ಥೆಯ ಹೊಲಿಗೆ ಶಿಕ್ಷಕಿ. ಸೋಮವಾರ, ಮಂಗಳವಾರ ಹಾನಗಲ್, ಬುಧವಾರ ಶಿಗ್ಗಾವಿ, ಗುರುವಾರ ಸವಣೂರು, ಶುಕ್ರವಾರ ಹಿರೇಕೆರೂರು, ಶನಿವಾರ ಮತ್ತೆ ಹಾನಗಲ್. ಬಸ್ಸಿನವರು ವಾರ ಮರೆತರೆ ಅಕ್ಕೋರು ಯಾವ ಕಡೆಯ ಬಸ್ಸು ಹತ್ತಿದರು ಎಂದು ನೋಡಿ ನೆನಪು ಮಾಡಿಕೊಳ್ಳುತ್ತಿದ್ದರಂತೆ. ಗುರುವಾರ ಸಂಜೆ ನಮ್ಮ ಅವ್ವನಿಗೆ ಸವಣೂರಿನ ವೀಳ್ಯದೆಲೆಯ ಕಟ್ಟು ಬರಲೇಬೇಕು. ನನಗೆ ಮಾತ್ರ ಏನೂ ಇಲ್ಲ. ಕೇಳಿದರೆ, “ನಿಮ್ಮ ಹಲ್ಲು ಮೊದಲs ಕೆಂಪದಾವು” ಎನ್ನುತ್ತಿದ್ದರು.

ಕೊರಳಲ್ಲಿ ಅಳತೆಯ ಟೇಪು, ಬೆರಳ ತುದಿಗೆ ಸೀಮೆಸುಣ್ಣ. ಕಣ್ಣಂದಾಜಿನಲ್ಲೇ ಮನುಷ್ಯರ ಅಳತೆ ತೆಗೆಯುವ ಚಟ. ನನ್ನನ್ನು ಮೊದಲ ಸಲ ಕಂಡಾಗ ನಮಸ್ಕಾರಕ್ಕೂ ಮುಂಚೆ “ನಿಮ್ಮ ಎಡಗೈ ಅರ್ಧ ಇಂಚು ಉದ್ದ ಐತಿ, ಅಂಗಿ ಹೊಲಿದಾಂವ ನೋಡಿಲ್ಲ” ಎಂದಿದ್ದರು. ಮನೆಗೆ ಹೋಗಿ ಅಳೆದೆ. ಹೌದು, ಅರ್ಧ ಇಂಚು. ತರಗತಿಯವರನ್ನು ಗೊಟಗೋಡಿಯ ಶಿಲ್ಪದ ತೋಟಕ್ಕೆ ಕರೆದೊಯ್ದಾಗ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವರು ರೊಟ್ಟಿ ಬಡಿಯುವ ಹೆಂಗಸಿನ ಬೊಂಬೆಯ ಮುಂದೆ ನಿಂತು, “ತೋಳು ಬಿಗಿ ಆಗೇತಲ್ರೀ, ಪಾಪ, ರೊಟ್ಟಿ ಹೆಂಗ ಬಡೀತಾಳ?” ಎಂದು ಮರುಗಿದ್ದರು.

ನನ್ನದು ಕಂಪ್ಯೂಟರಿನ ಅಂಗಡಿ. ಟೈಪಿಂಗ್, ಝೆರಾಕ್ಸ್, ಅರ್ಜಿ ತುಂಬುವುದು, ಪೆನ್‌ಡ್ರೈವಿಗೆ ಹಾಡು ಹಾಕಿಕೊಡುವುದು. ನಮ್ಮಿಬ್ಬರ ನಡುವೆ ಒಂದೇ ಪ್ಲೈವುಡ್ ಹಲಗೆ. ಅತ್ತ ಹತ್ತು ಮಷಿನ್ನಿನ ಟರ್ರಟರ್ರ, ಇತ್ತ ನನ್ನ ಪ್ರಿಂಟರಿನ ಕಿರಿಕಿರಿ. ನಾನು ಹಲಗೆ ಬಡಿದು ‘ಸ್ವಲ್ಪ ಸಾವಕಾಶ’ ಎಂದರೆ ಅವರೂ ಬಡಿಯುತ್ತಿದ್ದರು, ನನಗಿಂತ ಜೋರಾಗಿ.

ಜಗಳ ಗೆಳೆತನವಾದದ್ದು ನನ್ನ ತಪ್ಪಿನಿಂದ. ಒಮ್ಮೆ ಅಕ್ಕೋರು ಪೆನ್‌ಡ್ರೈವ್ ತಂದು, ಅದರಲ್ಲಿದ್ದ ಒಂದು ಕುಪ್ಪಸದ ನಕ್ಷೆ ಪ್ರಿಂಟ್ ಹಾಕಿ ಕೊಡಲು ಹೇಳಿದರು. ನಾನು ನಕ್ಷೆ ಹುಡುಕುತ್ತ ಬೇರೆ ಕಡತ ತೆರೆದೆ. ನಾಲ್ಕು ತಾಲೂಕಿನ ಹೆಣ್ಣುಮಕ್ಕಳ ಹೆಸರು, ಪಕ್ಕದಲ್ಲಿ ಮೈಯಳತೆ. ನನ್ನ ಪರದೆ ಆಗ ಗಿರಾಕಿಗಳ ಕಡೆಗೇ ತಿರುಗಿತ್ತು. ಬೆಂಚಿನ ಮೇಲಿದ್ದ ಒಬ್ಬ ಪುಣ್ಯಾತ್ಮ ಕುತ್ತಿಗೆ ಉದ್ದ ಮಾಡಿ, “ಅಲೆಲೆ, ಇದು ನಮ್ಮ ಓಣಿಯಾಕಿ!” ಎಂದ. ಅವನ ಬಾಯಿ ಮುಚ್ಚುವುದರೊಳಗೆ ಅಕ್ಕೋರು ಚೀಲದಿಂದ ಒಂದು ಮೀಟರು ಬಟ್ಟೆ ಎಳೆದು ನನ್ನ ಪರದೆಯ ಮೇಲೆ ಹೊದಿಸಿಬಿಟ್ಟಿದ್ದರು. ಅವನಿಗೆ ಒಂದು ಮಾತೂ ಅನ್ನಲಿಲ್ಲ. ಎಲ್ಲ ನನಗೇ.

“ಹೆಣಮಕ್ಕಳ ಅಳತಿ ಅಂದ್ರ ನನ್ನ ಹತ್ರ ಇಟ್ಟ ಮಾತಿದ್ದಂಗ. ಅದನ್ನ ಸಂತ್ಯಾಗ ಹರವಿದ್ರೆಲ್ಲ ನೀವು! ಇದಕ್ಕ ಒಂದು ಕೀಲಿ ಇಲ್ಲೇನ್ರಿ?”

“ಐತ್ರಿ,” ಎಂದೆ. ಇತ್ತು. ಕಂಪ್ಯೂಟರಿನಲ್ಲೇ ಇದ್ದ ಸೌಲಭ್ಯ. ಪೆನ್‌ಡ್ರೈವಿನೊಳಗಿನದನ್ನೆಲ್ಲ ಕಲಸಿ, ಗುರುತು ಸಿಗದಂತೆ ಮಾಡಿ, ಗುಪ್ತಪದ ಕೊಟ್ಟವರಿಗೆ ಮಾತ್ರ ನೆಟ್ಟಗೆ ಮಾಡಿ ತೋರಿಸುತ್ತದೆ. ನಾನು ಅದನ್ನು ಸ್ವತಃ ಒಮ್ಮೆಯೂ ಬಳಸಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಅಕ್ಕೋರು ಅಲ್ಲೇ ಸ್ಟೂಲು ಎಳೆದುಕೊಂಡು ಕುಳಿತು ಕಲಿತೇ ಎದ್ದರು. ಮೊದಲು ಅವರು ಇಟ್ಟ ಗುಪ್ತಪದ ಒಂದು, ಎರಡು, ಮೂರು, ನಾಲ್ಕು. ನಾನು ನಕ್ಕೆ. “ಇದನ್ನ ನಮ್ಮ ಮನಿ ಎಮ್ಮಿನೂ ತಗೀತೈತ್ರಿ. ಉದ್ದ ಇರಬೇಕು. ನಾಕೈದು ಪದದ ಸಾಲು ಇರಬೇಕು. ನಿಮಗ ಮರೀಬಾರದು, ಮಂದಿಗೆ ಹೊಳೀಬಾರದು.”

ಅಕ್ಕೋರು ಸ್ವಲ್ಪ ಹೊತ್ತು ಸೀಮೆಸುಣ್ಣದ ಬೆರಳು ತಿಕ್ಕುತ್ತ ಕುಳಿತರು. ಆಮೇಲೆ, “ಒಡಪ ನಡೀತೈತೇನ್ರಿ?” ಎಂದು ಕೇಳಿದರು.

ಒಡಪ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಮದುವೆ, ಸೀಮಂತದಂಥ ಹೊತ್ತಿನಲ್ಲಿ ಮಾತ್ರ ಎಲ್ಲರೂ ಸುತ್ತುಗಟ್ಟಿ ‘ಹೆಸರು ಹೇಳು’ ಎಂದು ಕಾಡುತ್ತಾರೆ. ಆಗ ಅವಳು ಎರಡು ಸಾಲಿನ ಪ್ರಾಸದೊಳಗೆ ಆ ಹೆಸರನ್ನು ಇಟ್ಟು ಹೇಳಬೇಕು. ಅದೇ ಒಡಪ. ಉದ್ದಕ್ಕೆ ಉದ್ದ, ಮರೆಯುವ ಮಾತೇ ಇಲ್ಲ. ಮೊಬೈಲಿನಲ್ಲಿ ಬರೆಯುವಂತೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಆಯಿತು. ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಕುಳಿತ ನನಗೆ ಹೊಳೆಯದ್ದು ಇವರಿಗೆ ಹೊಳೆಯಿತಲ್ಲ ಎಂದು ಹೊಟ್ಟೆಯುರಿಯಿತು. “ನಡೀತೈತಿ” ಎಂದೆ, ಬಿಗುಮಾನದಿಂದ.

ಇನ್ನೊಂದು ಸಂಗತಿ. ಗುಪ್ತಪದ ಮರೆತರೆ ಕಡೆಯ ಉಪಾಯವೆಂದು ಕಂಪ್ಯೂಟರು ನಲವತ್ತೆಂಟು ಅಂಕಿಗಳ ಒಂದು ಸಂಖ್ಯೆ ಕೊಡುತ್ತದೆ. ಚೀಟಿಯಲ್ಲಿ ಬರೆದಿಡಿ ಎಂದೆ. “ಚೀಟಿ ತೊಳ್ಯಾಕ ಹೋಗ್ತೈತಿ” ಎಂದ ಅಕ್ಕೋರು ಆ ಸಂಖ್ಯೆಯನ್ನು ಒಂದು ಕೌದಿಗೆ ಹೊಲಿದರು. ಏಳಿದ್ದರೆ ಏಳು ಹೊಲಿಗೆ, ಮೂರಿದ್ದರೆ ಮೂರು, ಸೊನ್ನೆಗೆ ಒಂದು ಅಡ್ಡ ಗೀಟು. ಹಳೆಯ ಸೀರೆಯ ತುಂಡುಗಳ ನಡುವೆ ಅದು ಅಂಚಿನ ಚಂದದಂತೆ ಕಾಣುತ್ತಿತ್ತು. ಮನೆಗೆ ಬಂದ ನೆಂಟರಿಗೆ ಅದನ್ನೇ ಹೊದಿಯಲು ಕೊಡುತ್ತಿದ್ದರು.

ತಾವು ಕಲಿತದ್ದನ್ನು ಅಕ್ಕೋರು ತಮ್ಮಲ್ಲೇ ಇಟ್ಟುಕೊಂಡವರಲ್ಲ. ಶನಿವಾರದ ತರಗತಿಯ ಕೊನೆಯ ಅರ್ಧ ಗಂಟೆ ಮಷಿನ್ನು ನಿಲ್ಲಿಸಿ ಎಲ್ಲರನ್ನೂ ನನ್ನ ಅಂಗಡಿಗೆ ನುಗ್ಗಿಸತೊಡಗಿದರು. ಒಬ್ಬೊಬ್ಬರಿಗೂ ಒಂದೊಂದು ಪೆನ್‌ಡ್ರೈವ್. “ನೋಡ್ರವಾ, ಟ್ರಂಕಿನ ಕೀಲಿಕೈ ಅತ್ತಿ ಸೊಂಟದಾಗ. ಕಪಾಟಿಂದು ಗಂಡನ ಕಿಸೇದಾಗ. ಒಂದರ ಕೀಲಿಕೈ ನಿಮ್ಮ ತಲ್ಯಾಗ ಇರಲಿ.” ಹಳ್ಳಿಯ ಮನೆಯಲ್ಲಿ ಪೆನ್‌ಡ್ರೈವ್ ಕಂಡರೆ ಗಂಡಸರು ಅದರಲ್ಲಿದ್ದದ್ದನ್ನು ಅಳಿಸಿ ಟ್ರ್ಯಾಕ್ಟರಿಗೆ ಹಾಡು ತುಂಬಿಸುತ್ತಾರೆ. ಹಾಗೆ ಎಷ್ಟೋ ಕಸೂತಿಯ ನಕ್ಷೆ, ಎಷ್ಟೋ ತವರಿನ ಫೋಟೋ ಹೋಗಿದ್ದವು. ಅದಕ್ಕೆ ಅಕ್ಕೋರು ಪ್ರತಿಯೊಬ್ಬಳದೂ ಒಂದು ನಕಲು ತೆಗೆಸಿ ತಮ್ಮ ಕಪಾಟಿನಲ್ಲಿ ಇಡುತ್ತಿದ್ದರು. ಅವೂ ಕೀಲಿ ಹಾಕಿದವೇ. ಒಡಪ ಮಾತ್ರ ಹೊಸದು ಕಟ್ಟಬೇಕೆಂದು ಕಟ್ಟುನಿಟ್ಟು. ಹಳೆಯದು ಊರಿಗೆಲ್ಲ ಗೊತ್ತಿರುತ್ತದಲ್ಲ. ಮದುವೆಯಾಗದ ಒಬ್ಬ ಹುಡುಗಿಯೂ ಯಾವುದೋ ಹೆಸರು ಇಟ್ಟು ಒಡಪ ಕಟ್ಟಿ ಕೆಂಪಗಾದಳು. ಅದು ಯಾರ ಹೆಸರೆಂದು ಅಕ್ಕೋರು ಕೇಳಲಿಲ್ಲ. ನಾನು ಕೇಳಲು ಹೋಗಿ ಬೈಸಿಕೊಂಡೆ.

ಆ ತರಗತಿಯಲ್ಲಿ ಆಡೂರಿನ ಗಿರಿಜವ್ವ ಎಂಬಾಕೆ ಇದ್ದಳು. ಮೂವತ್ತನಾಲ್ಕು ವರ್ಷ, ಮೆಲುಮಾತಿನವಳು. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ನಪಾಸಾಗಿ, ಆ ವರ್ಷವೇ ಲಗ್ನವಾಗಿತ್ತು. ಅವಳ ಅತ್ತೆಗೆ ಸೊಸೆಯ ಮೇಲೆ ದ್ವೇಷವೇನಿಲ್ಲ, ಆದರೆ ಬಂದವರೆದುರೆಲ್ಲ “ನಮ್ಮ ಸೊಸಿ ಅಡಗಿಗೆ ನೂರು, ಗಣಿತಕ್ಕ ಸೊನ್ನಿ” ಎಂದು ನಗಿಸುವ ರೂಢಿ. ಹದಿನಾರು ವರ್ಷ ಗಿರಿಜವ್ವನೂ ಎಲ್ಲರೊಡನೆ ನಕ್ಕಿದ್ದಳು. ಕಡೆಗೆ ಒಂದು ದಿನ ಅಕ್ಕೋರ ಮುಂದೆ ಅತ್ತಳು. ಅಕ್ಕೋರು ಅವಳಿಂದ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿದರು. ಲೆಕ್ಕ ಕಲಿಸಿದ್ದೂ ಅವರೇ, ಬಟ್ಟೆ ಕತ್ತರಿಸುತ್ತ. “ಎರಡು ಮೀಟರಿನಾಗ ಮೂರು ಲಂಗ ತಗಿಯಾಕಿಗೆ ಭಿನ್ನರಾಶಿ ಬರೂದಿಲ್ಲ ಅಂದ್ರ ನಾ ನಂಬೂದಿಲ್ಲ.” ಮನೆಯಲ್ಲಿ ಯಾರಿಗೂ ಗೊತ್ತಾಗಬಾರದೆಂಬುದು ಗಿರಿಜವ್ವನ ಒಂದೇ ಬೇಡಿಕೆ. “ಪಾಸಾದ್ರ ನಾನs ಹೇಳ್ತೇನ್ರಿ ಅಕ್ಕೋರ. ಇನ್ನೊಮ್ಮೆ ಫೇಲಾಗಿ ನಗಸಾಕ ಮಾತ್ರ ನನ್ನಿಂದ ಆಗೂದಿಲ್ಲ. ಮೊದಲs ತಿಳಿದ್ರ ನಾ ಪರೀಕ್ಷಾಕ್ಕ ಕುಂದರೂದs ಇಲ್ಲ.” ಅವಳ ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆ, ಪ್ರವೇಶಪತ್ರ ಎಲ್ಲವೂ ಆ ಕೀಲಿ ಹಾಕಿದ ಪೆನ್‌ಡ್ರೈವಿನಲ್ಲಿದ್ದವು.

ಪರೀಕ್ಷೆಗೆ ಎಂಟು ದಿನ ಇರುವಾಗ ಅವಳ ಮೈದುನನಿಗೆ ಅಕ್ಕಿಯ ಡಬ್ಬಿಯಲ್ಲಿ ಪೆನ್‌ಡ್ರೈವ್ ಸಿಕ್ಕಿತು. ಟ್ರ್ಯಾಕ್ಟರಿಗೆ ಚುಚ್ಚಿದ, ಹಾಡಲಿಲ್ಲ. ಗೆಳೆಯನ ಲ್ಯಾಪ್‌ಟಾಪಿಗೆ ಚುಚ್ಚಿದ, ಅದು ಗುಪ್ತಪದ ಕೇಳಿತು. ಅವನು ಕೆಟ್ಟವನಲ್ಲ, ಚೇಷ್ಟೆಯವನು. “ವೈನಿ, ಏನ ಮುಚ್ಚಿಟ್ಟೀರಿ ಹೇಳ್ರಿ, ಆಮ್ಯಾಲೆ ಕೊಡ್ತೇನಿ” ಎಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಮನೆಮಂದಿಗೆಲ್ಲ ಸುದ್ದಿಯಾಯಿತು. ಅತ್ತೆಯೂ ಕಿವಿ ನಿಮಿರಿಸಿದಳು. ಗಿರಿಜವ್ವ “ಕುಬಸದ ಡಿಸೈನ್” ಎಂದಳು, ಯಾರೂ ನಂಬಲಿಲ್ಲ. ಓದಿಗೇನೂ ತೊಂದರೆಯಾಗಲಿಲ್ಲ, ಅಕ್ಕೋರ ಕಪಾಟಿನಲ್ಲಿ ನಕಲು ಇತ್ತು. ಆದರೆ ಅವಳ ಗುಟ್ಟು ಮೈದುನನ ಕಿಸೆಯಲ್ಲಿ ಕುಳಿತಿತ್ತು.

ಮೂರನೆಯ ದಿನ ಆಡೂರಿನಲ್ಲೇ ಅದೇ ತರಗತಿಯ ಒಬ್ಬ ಹುಡುಗಿಯ ಮದುವೆ. ನಾನು ಅಕ್ಕೋರನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಅಕ್ಕೋರು ಎಂದಿನಂತೆ ಹಿಂದಿನ ಸಾಲಿಗೆ ಹೋಗಿ ಕುಳಿತರು. ಅವರು ವಿಧವೆ; ಮದುವೆಯಾಗಿ ಐದೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ಮದುವೆಗಳಲ್ಲಿ ವಿಧವೆಯರು ಹಿಂದಿನ ಸಾಲಿನಲ್ಲಿ ಕೂರುವುದನ್ನು ಯಾರೂ ಹೇಳಿ ಮಾಡಿಸುವುದಿಲ್ಲ, ಅದು ಹಾಗೆಯೇ ನಡೆದುಬರುತ್ತದೆ. ಗಿರಿಜವ್ವನ ಅತ್ತೆಯೂ ಅದೇ ಸಾಲಿನಲ್ಲಿದ್ದಳು. ಇಬ್ಬರೂ ಪಕ್ಕಪಕ್ಕದಲ್ಲೇ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಅಕ್ಕಿಕಾಳು ಬಿದ್ದವು, ಲಗ್ನ ಮುಗಿಯಿತು. ಮೈಕು ಹೆಣ್ಣುಮಕ್ಕಳ ಕೈಗೆ ಬಂತು. ಮೊದಲು ಮದುಮಗಳು ಹೇಳಿದಳು. ಆಮೇಲೆ ಅವಳ ಗೆಳತಿಯರ ಸರದಿ. ನಮ್ಮ ಹೊಲಿಗೆಯ ಶಾಂತವ್ವ ಮುಂದೆ ಬಂದು ಸೆರಗು ಸರಿಮಾಡಿಕೊಂಡು ಹೇಳಿದಳು:

“ಹಾನಗಲ್ಲ ಸಂತ್ಯಾಗ ಹಸರ ಬಳಿ,
ಬಸವರಾಜರ ಮಾತಂದ್ರ ಬಿಸಲಾಗ ಮಳಿ!”

ಚಪ್ಪಾಳೆಯೋ ಚಪ್ಪಾಳೆ. ಅದರ ಗುಂಗಿನಲ್ಲಿ ಅವಳು ಮೈಕು ಬಿಡದೆ, “ಇದs ನನ್ನ ಪೆನ್‌ಡ್ರೈವಿನ ಕೀಲಿಕೈ! ನಮ್ಮ ಅಕ್ಕೋರು ಕಲಿಸ್ಯಾರ!” ಎಂದು ಹೆಮ್ಮೆಯಿಂದ ಸೇರಿಸಿದಳು.

ನಾನು ಹಿಂತಿರುಗಿ ನೋಡಿದೆ. ಅಕ್ಕೋರ ಕೈಯಲ್ಲಿದ್ದ ಎಲೆ ಅರ್ಧಕ್ಕೇ ನಿಂತಿತ್ತು. ಹೊಸ ಒಡಪ ಕಟ್ಟಿಸಿದ್ದರು, ಸರಿ. ಆದರೆ ಹೊಸ ಸೀರೆಯನ್ನು ಮದುವೆಯ ದಿನ ಟ್ರಂಕಿನಲ್ಲಿ ಬಿಟ್ಟುಬರುವವರು ಯಾರು? ಒಬ್ಬಳಾದ ಮೇಲೆ ಒಬ್ಬಳು ಬಂದು, ನಾಲ್ಕು ದಿಕ್ಕಿಗೆ ಕಟ್ಟಿದ ಧ್ವನಿವರ್ಧಕದಲ್ಲಿ ತನ್ನ ಗುಪ್ತಪದವನ್ನು ಊರಿಗೆ ಕೇಳುವಂತೆ ಹೇಳಿದಳು. ನಾನು ಎಣಿಸುತ್ತಿದ್ದೆ. ಮದುಮಗಳನ್ನು ಬಿಟ್ಟು ಒಂಬತ್ತು. ಹೊಟ್ಟೆ ಹಿಡಿದು ನಗುತ್ತಿದ್ದೆ ಕೂಡ, ನಾಚಿಕೆಯಿಲ್ಲದೆ. ಅಷ್ಟರಲ್ಲಿ ಗಿರಿಜವ್ವನ ಮೈದುನ ಎದ್ದು ನಿಂತ. ಒಂದು ಕೈ ಪೆನ್‌ಡ್ರೈವಿನ ಕಿಸೆಯ ಮೇಲೆ, ಇನ್ನೊಂದರಲ್ಲಿ ಧ್ವನಿ ಹಿಡಿಯಲು ಮೊಬೈಲು. “ಈಗ ನಮ್ಮ ವೈನಿದು ಆಗಲಿ!” ನನ್ನ ನಗು ಅಲ್ಲಿಗೆ ನಿಂತಿತು.

ಗಿರಿಜವ್ವನನ್ನು ನಾಲ್ಕು ಜನ ಎಳೆದು ಮುಂದೆ ನಿಲ್ಲಿಸಿದರು. ಶುಭಕಾರ್ಯದಲ್ಲಿ ಹೆಸರು ಹೇಳುವುದಿಲ್ಲ ಎನ್ನುವಂತಿಲ್ಲ. ಬೇರೆ ಒಡಪ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳಿಗೆ ಇದ್ದದ್ದೇ ಒಂದು. ತನ್ನ ಲಗ್ನದಲ್ಲೇ ನಾಚಿ ಹೇಳದವಳು, ಹದಿನಾರು ವರ್ಷದ ಮೇಲೆ ಕಟ್ಟಿದ ಮೊದಲ ಒಡಪ ಅದು. ಅಷ್ಟು ಮಂದಿಯ ಮುಂದೆ ಇನ್ನೊಂದು ಹೊಳೆಯುವುದಾದರೂ ಹೇಗೆ? ಮೈಕು ಅವಳ ಕೈಗೆ ಬಂದಿತ್ತು. ಕಣ್ಣು ಹಿಂದಿನ ಸಾಲಿನ ಕಡೆಗಿತ್ತು.

ಹಿಂದಿನ ಸಾಲಿನಿಂದ ಅಕ್ಕೋರು ಎದ್ದರು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ನೆಟ್ಟಗೆ ಬಂದು, “ಸರಿಯವಾ, ಮೊದಲ ನಂದು ಆಗಲಿ, ನಾ ಹಿರ್‍ಯಾಕಿ” ಎಂದು ಗಿರಿಜವ್ವನ ಕೈಯಿಂದ ಮೈಕು ತೆಗೆದುಕೊಂಡರು. ಮಂಟಪ ಗಪ್ಪಾಯಿತು. ವಿಧವೆಯನ್ನು ಯಾರೂ ಹೆಸರು ಕೇಳುವುದಿಲ್ಲ. ಕೇಳದೆ ಹೇಳಿದವರನ್ನಂತೂ ಆ ಊರು ಕಂಡಿರಲಿಲ್ಲ. ಅಕ್ಕೋರು ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು:

“ಸೂಜಿಗೆ ದಾರ, ದಾರಕ್ಕ ಗಂಟು,
ಮಲ್ಲೇಶಪ್ಪನವರಿಗೂ ನನಗೂ ಬಿಡಲಾರದ ನಂಟು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಗೊತ್ತಾಗದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹಿಂದಿನಿಂದ ಒಂದು ಗದರಿಕೆ ಬಂತು: “ಯಾಕ, ಕೈಗೆ ಏನಾಗೇತಿ ನಿಮಗ? ತಟ್ರಿ! ಕೊಡ್ರಿ ಇತ್ಲಾಗ ಅದನ್ನ.” ಗಿರಿಜವ್ವನ ಅತ್ತೆ! ಊರುಗೋಲು ಊರುತ್ತ ಬಂದ ಮುದುಕಿ ಮೈಕನ್ನು ಬಾಯಿಗೇ ಹಚ್ಚಿಕೊಂಡು,

“ಆಡೂರ ಹೊಲದಾಗ ಅವರೀಕಾಯಿ,
ರುದ್ರಪ್ಪ ಇದ್ದಾಗ ತೆರೀಲಿಲ್ಲ ನಾ ಬಾಯಿ!”

ಎಂದಳು. ಮಂಟಪ ಹಾರಿಹೋಗುವಂಥ ನಗು. ಬೀಗರು ನಕ್ಕರು, ಮದುವೆ ಮಾಡಿಸಿದ ಅಯ್ಯನವರು ನಕ್ಕರು, ವರ ಬಾಸಿಂಗ ಹಿಡಿದುಕೊಂಡು ನಕ್ಕ. ಅಲ್ಲಿಂದ ಮೈಕು ಹಿಂದಿನ ಸಾಲಿಗೆ ಹೋಯಿತು. ವರ್ಷಗಟ್ಟಲೆ ಯಾರೂ ಕೇಳದ ಹೆಸರುಗಳು ಒಂದೊಂದಾಗಿ ಹೊರಗೆ ಬಂದವು. ಕೆಲವರು ಹೇಳುತ್ತ ಅತ್ತರು, ಅತ್ತು ನಕ್ಕರು. ಊಟಕ್ಕೆ ಏಳಿರೆಂದು ಕೂಗುವವರೆಗೂ ಮೈಕು ಅವರ ಕೈ ಬಿಡಲಿಲ್ಲ. ಗಿರಿಜವ್ವನ ಸರದಿ ಯಾರಿಗೂ ನೆನಪಾಗಲಿಲ್ಲ. ಮೈದುನ ತನ್ನ ಅವ್ವನ ಒಡಪವನ್ನೇ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸುವುದರಲ್ಲಿ ಮುಳುಗಿದ್ದ. ಮರುದಿನ ಪೆನ್‌ಡ್ರೈವನ್ನು ತಾನಾಗಿಯೇ ಅಕ್ಕಿಯ ಡಬ್ಬಿಗೆ ಹಾಕಿದನಂತೆ.

ಗಿರಿಜವ್ವ ಪರೀಕ್ಷೆ ಬರೆದಳು. ಪಾಸಾದಳು. ಗಣಿತದಲ್ಲಿ ಐವತ್ತೆರಡು. ಅಂಕಪಟ್ಟಿಯನ್ನು ತಾನೇ ಅತ್ತೆಯ ಮುಂದೆ ಹಿಡಿದಳು. ಮುದುಕಿ ಅದನ್ನು ತಿರುಗಾಮುರುಗಾ ನೋಡಿ, “ನಾ ಇಷ್ಟು ದಿನ ನಿನ್ನ ನೋಯಿಸಿದ್ನೇನ?” ಎಂದು ಕೇಳಿದಳಂತೆ. ಈಗ ಬಂದವರಿಗೆಲ್ಲ ಹೇಳುವುದು, “ನಮ್ಮ ಸೊಸಿ ಅಡಗಿಗೆ ಅಷ್ಟಕ್ಕಷ್ಟ, ಗಣಿತದಾಗ ಮಾತ್ರ ಐವತ್ತೆರಡು!”

ಆದರೆ ನಾನು ವೇದಿಕೆಯ ಮೇಲೆ ಹೇಳಬೇಕೆಂದಿದ್ದದ್ದು, ಹೇಳಲಾಗದೆ ಇಳಿದದ್ದು, ಆ ಮದುವೆಯ ದಿನ ಸಂಜೆ ನನ್ನ ಅಂಗಡಿಯಲ್ಲಿ ನಡೆದದ್ದು. ಊಟ ಮುಗಿಸಿ ಹಾನಗಲ್ಲಿಗೆ ಮರಳಿದವರೇ ಅಕ್ಕೋರು ಆ ಒಂಬತ್ತು ಜನರನ್ನೂ ಅಂಗಡಿಗೆ ಕರೆಸಿ, ಬೈದು, ಒಬ್ಬೊಬ್ಬರ ಕೀಲಿಯನ್ನೂ ಬದಲು ಮಾಡಿಸಿದರು. ಎಲ್ಲರೂ ಹೋದ ಮೇಲೆ ತಾವೇ ಸ್ಟೂಲು ಎಳೆದುಕೊಂಡು ಕುಳಿತರು.

“ಇನ್ನ ನಂದು.”

“ನಿಮ್ಮದ್ಯಾಕ್ರೀ?” ಎಂದೆ.

“ಮೈಕಿನಾಗ ಹೇಳಿದ್ನೆಲ್ರೀ.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇನ್ನೊಬ್ಬಳ ಕೀಲಿಕೈ ಉಳಿಸಲು ಇವರು ತಮ್ಮದನ್ನೇ ಊರಿನ ಮುಂದೆ ಇಟ್ಟು ಬಂದಿದ್ದರು.

“ಬ್ಯಾರೆ ಒಡಪ ಹೇಳಬೇಕಿಲ್ಲೋ?” ಎಂದೆ.

“ಇದ್ದದ್ದs ಅದೊಂದು,” ಎಂದರು ಅಕ್ಕೋರು. “ಅವರು ಹೋಗಿ ಇಪ್ಪತ್ತಾರು ವರ್ಷ ಆತು. ಹೆಸರು ಹೇಳು ಅಂತ ಯಾರೂ ಕೇಳಿಲ್ಲ. ಕೇಳೂದೂ ಇಲ್ಲ. ಈ ನಿಮ್ಮ ಪೆಟಿಗಿ ಒಂದು ನೋಡ್ರಿ, ಇಲ್ಲಿಗೆ ಬಂದಾಗೆಲ್ಲ ಕೇಳತಿತ್ತು. ಕೇಳಿದಾಗೆಲ್ಲ ಹೇಳತಿದ್ದೆ.”

ನಾನು ಪ್ರಿಂಟರಿನ ಕಾಗದ ಸರಿಮಾಡುವ ನೆಪದಲ್ಲಿ ಬಗ್ಗಿದೆ. ಕಣ್ಣು ತುಂಬಿದ್ದನ್ನು ಅವರು ನೋಡಬಾರದಿತ್ತು. ನೋಡಿದರೋ ಏನೋ, ದನಿ ಎತ್ತರಿಸಿ ಹೇಳಿದರು: “ಅಳೂದೇನಿಲ್ರೀ ಇದರಾಗ. ಹಳೇದು ಊರಿಂದಾತು. ಇಷ್ಟು ವರ್ಷಕ್ಕ ಗಂಡನ ಮ್ಯಾಲೆ ಹೊಸಾದೊಂದು ಒಡಪ ಕಟ್ಟೂ ಯೋಗ ಬಂತು ನನಗ. ತಿರುಗಿ ನಿಂದರ್‍ರಿ.”

ಗುಪ್ತಪದ ಹೊಡೆಯುವಾಗ ನಾನು ಗೋಡೆಯ ಕಡೆ ತಿರುಗಬೇಕೆಂಬುದು ಅವರದೇ ನಿಯಮ. ತಿರುಗಿದೆ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಟಕ್, ಟಕ್ ಎಂದು ಒಂದೊಂದೇ ಅಕ್ಷರ. ನಡುವೆ ಅಕ್ಕೋರು ತಮ್ಮಷ್ಟಕ್ಕೆ ತಾವೇ ಕಿಸಕ್ಕನೆ ನಕ್ಕರು. ಹೊಸ ಸೊಸೆ ನಗುವಂಥ ನಗು. ನಾನು ಅಲ್ಲಿಯವರೆಗೆ ಅವರಲ್ಲಿ ಅದನ್ನು ಕೇಳಿರಲಿಲ್ಲ.

“ಏನಾತ್ರೀ ಅಕ್ಕೋರ?”

“ನಿಮಗ್ಯಾಕ?” ಎಂದರು. “ಗ್ವಾಡಿ ನೋಡ್ರಿ ಸುಮ್ಮನ.”